ಹಾಲು-ಮೊಸರು ಬಿಟ್ಟವರಿಗೆ ಯಾವ ಪ್ರೋಟೀನ್ ಪೌಡರ್ ಒಳ್ಳೆಯದು?

ಎಂಟು ತಿಂಗಳಿಂದ ಹಾಲು, ಮೊಸರು, ತುಪ್ಪ ಏನೂ ಮುಟ್ಟಿಲ್ಲ, ಈಗ ಪೌಡರ್ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಪೌಡರ್ ಬಿಡಿ. ಬಿ12 ಮಾತ್ರೆ ನುಂಗುತ್ತಿದ್ದೀರಾ? ಅದು ರಕ್ತಕ್ಕೂ ನರಕ್ಕೂ ಬೇಕಾದ ವಿಟಮಿನ್, ಮಾಂಸ-ಮೊಟ್ಟೆ ತಿನ್ನದವರಿಗೆ ಊಟದಲ್ಲಿ ಸಿಗುವುದು ಹಾಲು-ಮೊಸರಿನಿಂದಲೇ. ನಿಮ್ಮ ಪ್ರಶ್ನೆಯಲ್ಲಿ ಆ ಮಾತೇ ಇಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆಯವಳು. ಮನೆಯ ಎಮ್ಮೆ ಹಾಕಿದ ಗಂಡುಕರುವನ್ನು ಮಾರಿದ ದಿನ ಹಾಲು ಬಿಟ್ಟೆ. 2017ರ ಮಾತು. ಮಾಂಸ-ಮೊಟ್ಟೆ ಮೊದಲಿಂದಲೂ ಇಲ್ಲ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೆಂತ್ಯೆ ಸೊಪ್ಪು, ಶೇಂಗಾ ಹಿಂಡಿ ಇರುವಾಗ ಏನು ಕಡಿಮೆ ಅಂದುಕೊಂಡೆ. ನಮ್ಮ ಹಿರಿಯರು ಇದನ್ನೇ ಉಂಡು ಗಟ್ಟಿಯಾಗಿದ್ದರು ಅಲ್ವಾ? ಆ ಹಿರಿಯರು ಬಿಸಿ ರೊಟ್ಟಿ ಮೇಲೆ ಬೆಣ್ಣೆ ಇಟ್ಟುಕೊಂಡು, ಊಟದ ಕೊನೆಗೆ ತಂಬಿಗೆ ತುಂಬ ಮಜ್ಜಿಗೆ ಕುಡಿಯುತ್ತಿದ್ದರು ಅನ್ನೋದು ಹೊಳೆಯಲೇ ಇಲ್ಲ.

ಎರಡನೇ ವರ್ಷ ಸುಸ್ತು ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 12.8 ಬಂತು, ಅಂದರೆ ಸರಿಯಾಗೇ ಇತ್ತು. ಆ ಚೀಟಿಯನ್ನು ಕಪಾಟಿನಲ್ಲಿಟ್ಟು ಬೈದವರಿಗೆಲ್ಲ ತೋರಿಸಿದೆ. ನಾನು ಮಾಡಿದ ತಪ್ಪು ಇದೇ, ದಯವಿಟ್ಟು ನಿಧಾನಕ್ಕೆ ಓದಿ. ಬಿ12 ಕಡಿಮೆಯಾದರೆ ರಕ್ತ ಕಡಿಮೆಯಾಗುತ್ತದೆ, ನಿಜ. ಆದರೆ ಸೊಪ್ಪು, ಕಾಳು ಜಾಸ್ತಿ ತಿನ್ನುವವರಿಗೆ ಫೋಲೇಟ್ ಅನ್ನೋ ಇನ್ನೊಂದು ವಿಟಮಿನ್ ಚೆನ್ನಾಗಿ ಸಿಗುತ್ತದೆ, ಅದು ರಕ್ತದ ಕೊರತೆಯನ್ನು ಮುಚ್ಚಿಬಿಡಬಹುದು. ನರಗಳನ್ನು ಮಾತ್ರ ಅದು ಕಾಪಾಡುವುದಿಲ್ಲ. ಅಂದರೆ ಚೀಟಿಯಲ್ಲಿ ಎಲ್ಲ ಸರಿ, ಒಳಗೆ ನರ ಕೆಡುತ್ತಲೇ ಇರುತ್ತದೆ. ಇನ್ನೊಂದು, ಲಿವರ್‌ನಲ್ಲಿ ಹಳೆಯ ಬಿ12 ಕೆಲವು ವರ್ಷ ಬರುವಷ್ಟು ಕೂಡಿಟ್ಟಿರುತ್ತದೆ. ಟಾಕಿ ತುಂಬಿದೆ ಅಂತ ನಳ ಬಂತೋ ಇಲ್ಲವೋ ನೋಡದೆ ಕೂತ ಹಾಗೆ ಕೂತಿದ್ದೆ. ನಾನು ಮಾಡಿಸಬೇಕಿದ್ದದ್ದು ಬಿ12 ಪರೀಕ್ಷೆ, ಮಾಡಿಸಿದ್ದು ಹಿಮೋಗ್ಲೋಬಿನ್.

2021ರ ಏಪ್ರಿಲ್. ಮಾರ್ಕೆಟ್‌ನಿಂದ ಬಂದು ಕಟ್ಟೆ ಹತ್ತಿದೆ. ಅವ್ವ "ಇನ್ನೊಂದು ಚಪ್ಪಲಿ ಎಲ್ಲಿ?" ಅಂದಳು. ನೋಡಿದರೆ ಎಡಗಾಲು ಬರಿಗಾಲು. ಚಪ್ಪಲಿ ಓಣಿಯ ಆ ತುದಿಯಲ್ಲಿ ಬಿದ್ದಿತ್ತು. ನಮ್ಮೂರಿನ ಆ ಬಿಸಿಲಲ್ಲಿ, ಕಾದ ರಸ್ತೆ ಮೇಲೆ ಅಷ್ಟು ದೂರ ನಡೆದಿದ್ದೆ, ಕಾಲಿಗೆ ಗೊತ್ತೇ ಆಗಿರಲಿಲ್ಲ. ನಾಲಿಗೆ ಕೆಂಪಗೆ ನುಣ್ಣಗಾಗಿ, ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಹಚ್ಚಿಕೊಂಡರೆ ಕಣ್ಣಲ್ಲಿ ನೀರು ಬರುತ್ತಿದ್ದದ್ದು ಆಮೇಲೆ ನೆನಪಾಯಿತು. ಆಗ ಬಿ12 ಪರೀಕ್ಷೆ ಮಾಡಿಸಿದೆ, 96 (pg/mL) ಬಂತು. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತಾರೆ. ದಿನ ಬಿಟ್ಟು ದಿನ ಇಂಜೆಕ್ಷನ್, ಆಮೇಲೆ ವಾರಕ್ಕೊಂದು.

ಹಾಗಾಗಿ ನಾಳೆಯೇ ಬಿ12 ಪರೀಕ್ಷೆಗೆ ಕೊಡಿ. ಮಾತ್ರೆ ಶುರು ಮಾಡುವ ಮೊದಲೇ ಕೊಡಿ, ನುಂಗಿದ ಮೇಲೆ ಲೆಕ್ಕ ಸರಿ ಬರುವುದಿಲ್ಲ. ಕೊರತೆ ಇಲ್ಲದಿದ್ದರೆ ದಿನಕ್ಕೆ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೊಮ್ಮೆ 2000, ಬದುಕಿರುವವರೆಗೂ. ಕೊರತೆ ಇದ್ದರೆ, ಇಲ್ಲವೇ ಈಗಾಗಲೇ ಕಾಲು ಜೋಮು ಹಿಡಿಯುತ್ತಿದ್ದರೆ ಸೀದಾ ಡಾಕ್ಟರ್ ಹತ್ತಿರ ಹೋಗಿ. ಸ್ಪಿರುಲಿನಾ (ಪಾಚಿ ಪುಡಿ), ಹುಳಿ ಬಂದ ಗಂಜಿ, ತೊಳೆಯದ ಸೊಪ್ಪಿನಲ್ಲಿ ಬಿ12 ಇದೆ ಅನ್ನುವವರನ್ನು ನಂಬಬೇಡಿ.

ಇನ್ನು ಪ್ರೋಟೀನ್. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ಇದ್ದವರಿಗೆ 50 ಗ್ರಾಂ. ಮೂರ್ನಾಲ್ಕು ಜೋಳದ ರೊಟ್ಟಿ, ಎರಡು ಹೊತ್ತು ಬಟ್ಟಲು ತುಂಬ ಕಾಳು, ಒಂದು ಹಿಡಿ ಶೇಂಗಾ ಆದರೆ ಹತ್ತಿರ ಹತ್ತಿರ ಅಷ್ಟಾಯಿತು. ಜೋಳದಲ್ಲಿ ಲೈಸಿನ್ ಅನ್ನೋ ಪ್ರೋಟೀನಿನ ಒಂದು ಅಂಶ ಕಡಿಮೆ, ಅದನ್ನು ಕಾಳು ತುಂಬುತ್ತದೆ, ಆದ್ದರಿಂದ ಕಾಳು ಮಾತ್ರ ತಪ್ಪಿಸಬೇಡಿ. ಪೌಡರ್ ದುಡ್ಡು ಸುಮ್ನೆ ದಂಡ.

ಮಜ್ಜಿಗೆ ಹೋದ ಮೇಲೆ ಕ್ಯಾಲ್ಸಿಯಂ ನೋಡಿಕೊಳ್ಳಬೇಕು, ಜೋಳದಲ್ಲಿ ಅದು ಬಹಳ ಕಡಿಮೆ. ನಮ್ಮ ಕಡೆ ರಾಗಿ ತಿನ್ನೋರು ಕಡಿಮೆ, ಆದರೂ ರೂಢಿ ಮಾಡಿಕೊಳ್ಳಿ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಜೊತೆಗೆ ಎಳ್ಳು, ನುಗ್ಗೆ ಸೊಪ್ಪು. ಕಬ್ಬಿಣಾಂಶ ಮೈಗೆ ಹಿಡಿಯಲಿ ಅಂತ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ತಕ್ಷಣ ಚಹಾ ಬೇಡ, ಕುಡಿದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಒಮೆಗಾ-3ಗೆ ಅಗಸಿ ಹಿಂಡಿ ಹೇಗೂ ಮನೆಯಲ್ಲಿರುತ್ತದೆ.

ನಾನು ಇವತ್ತಿಗೂ ಹಾಲು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಕಾಲುರಿ ಹೋಗಿದೆ, ಎಡಗಾಲಿನ ಎರಡು ಬೆರಳು ಮಾತ್ರ ಇನ್ನೂ ಜೋಮು. ಪ್ರತಿ ಭಾನುವಾರ ಅವ್ವ ರೊಟ್ಟಿ ಬಡಿಯುತ್ತಲೇ "ಗುಳಿಗೆ ನುಂಗಿದ್ಯಾ?" ಅಂತ ಕೇಳುತ್ತಾಳೆ. ನಿಮ್ಮ ಬಿ12 ಎಷ್ಟು ಬಂತು ಅಂತ ಇಲ್ಲೇ ತಿಳಿಸಿ, ಕಾಯುತ್ತಿರುತ್ತೇನೆ.