ಡಿಕ್ಕಿಯಲ್ಲಿ ಮರಳು ಚೀಲ ಇಟ್ಟರೆ ಥಂಡಿಗಾಲಕ್ಕೆ ಒಳ್ಳೆಯದಾ?

ಪ್ರಶ್ನೆ: ನಾನು ಭಾಲ್ಕಿ ತಾಲ್ಲೂಕಿನವನು. 2016ರ ಸ್ವಿಫ್ಟ್ ಇದೆ. ಥಂಡಿ ದಿನಗಳಲ್ಲಿ ನಸುಕಿನಲ್ಲೇ ಬೀದರ್‌ಗೆ ಹೊರಡುತ್ತೇನೆ. ಇಬ್ಬನಿಗೆ ರಸ್ತೆ ಒದ್ದೆಯಾಗಿರುತ್ತದೆ, ಹೊಲದ ದಾರಿಯಲ್ಲಿ ಗಾಲಿ ಜಾರುತ್ತದೆ. ಅಕ್ಕನ ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಡಿಕ್ಕಿಯೊಳಗೆ ಮರಳು ಚೀಲ ಇಟ್ಟುಕೊಂಡು ಓಡಿಸುತ್ತಾರಂತೆ. ನಾನೂ 50 ಕೆಜಿಯ 2 ಚೀಲ ಇಟ್ಟಿದ್ದೇನೆ. ಸರಿಯೇ?

ಉತ್ತರ: ಇವತ್ತೇ ಇಳಿಸಿಬಿಡಿ. ನಿಮ್ಮ ಅಳಿಯ ಹೇಳಿದ್ದು ಸುಳ್ಳಲ್ಲ. ಆದರೆ ಅದು ಬೇರೆ ಗಾಡಿಯ ಮಾತು, ಬೇರೆ ರಸ್ತೆಯ ಮಾತು.

ಅಲ್ಲಿ ರಸ್ತೆ ಮೇಲೆ ಹಿಮ ಕೂತಿರುತ್ತದೆ. ಎಂಜಿನ್ ಮುಂದಿದ್ದು ಹಿಂದಿನ ಗಾಲಿ ತಳ್ಳುವ ಗಾಡಿಗಳಲ್ಲಿ, ಅದರಲ್ಲೂ ಖಾಲಿ ಪಿಕಪ್‌ಗಳಲ್ಲಿ, ಹಿಂಭಾಗ ಹಗುರ. ತಳ್ಳುವ ಗಾಲಿ ಮೇಲೆ ಭಾರ ಇಲ್ಲದಿದ್ದರೆ ಹಿಡಿತ ಸಿಗುವುದಿಲ್ಲ, ಗಾಲಿ ಸುಮ್ನೆ ನಿಂತಲ್ಲೇ ತಿರುಗುತ್ತದೆ. ಅದಕ್ಕೇ ಹಿಂದಿನ ಅಚ್ಚಿನ ಮೇಲೆ ಚೀಲ ಹೇರುತ್ತಾರೆ. ಎಲ್ಲಾದರೂ ಸಿಕ್ಕಿಕೊಂಡರೆ ಅದೇ ಮರಳನ್ನು ಗಾಲಿ ಕೆಳಗೆ ಚೆಲ್ಲುತ್ತಾರೆ.

ನಿಮ್ಮ ಸ್ವಿಫ್ಟ್ ಮುಂದಿನ ಗಾಲಿಯಿಂದ ಎಳೆಯುವ ಗಾಡಿ. ಎತ್ತಿನ ಬಂಡಿಗೆ ಹಿಂಭಾರ ಆದರೆ ನೊಗ ಮೇಲೇಳುತ್ತದೆ, ಅಲ್ವಾ? ಇಲ್ಲಿಯೂ ಅದೇ ಆಗುತ್ತದೆ. ಡಿಕ್ಕಿ ಇರುವುದು ಹಿಂದಿನ ಅಚ್ಚಿಗಿಂತ ಹಿಂದೆ. ಅಲ್ಲಿ 100 ಕೆಜಿ ಇಟ್ಟರೆ ಮುಂದಿನ ಗಾಲಿಗಳ ಮೇಲಿಂದ ಹತ್ತು ಹದಿನೈದು ಕೆಜಿ ಇಳಿಯುತ್ತದೆ. ಅದೇನು ದೊಡ್ಡದಲ್ಲ ಅನಿಸಬಹುದು. ಆದರೆ ಹಗುರಾದ ಆ ಗಾಲಿಗಳೇ ಈಗ 100 ಕೆಜಿ ಜಾಸ್ತಿ ಎಳೆಯಬೇಕು, ತಿರುವಿನಲ್ಲಿ ದಿಕ್ಕನ್ನೂ ಅವೇ ಹಿಡಿಯಬೇಕು. ಭಾರ ಹೆಚ್ಚಿದ ಗಾಡಿಯನ್ನು ನಿಲ್ಲಿಸಲು ಬ್ರೇಕಿಗೂ ಕೆಲಸ ಜಾಸ್ತಿ.

ನನಗೆ ಇದಕ್ಕಿಂತ ಹೆಚ್ಚು ಹೆದರಿಕೆ ಬೆಳಕಿನದು. ಹಿಂಭಾಗ ಕುಸಿದರೆ ಹೆಡ್‌ಲೈಟ್ ಮೇಲಕ್ಕೆ ನೋಡುತ್ತದೆ. ನಿಮ್ಮ ಕಡೆ ಡಿಸೆಂಬರ್, ಜನವರಿಯ ನಸುಕಿನಲ್ಲಿ ಮಂಜು ಕವಿದಿರುತ್ತದೆ. ಮೇಲೆದ್ದ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರಾಲಿ ಕಟ್ಟಿಕೊಂಡು ಕಾರ್ಖಾನೆಗೆ ಹೊರಟಿರುತ್ತವೆ. ಎಷ್ಟೋ ಟ್ರಾಲಿಗಳ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ. ದಯವಿಟ್ಟು ಮಂಜಿನಲ್ಲಿ ಲೋ ಬೀಮ್‌ನಲ್ಲೇ, ನಿಧಾನವಾಗಿ ಬನ್ನಿ. ಸಾಮಾನು ಹೇರಲೇಬೇಕಾದ ದಿನ ಹೆಡ್‌ಲೈಟ್ ಎತ್ತರದ ಗುಂಡಿಯನ್ನು 0ಯಿಂದ ಮುಂದಿನ ಅಂಕಿಗೆ ತಿರುಗಿಸಿ. ಬೆಳಕು ಕೆಳಗಿಳಿಯುತ್ತದೆ.

ಹೇರಲೇಬೇಕಾದ ದಿನಗಳು ಬರುತ್ತವೆ ಅಂತ ನನಗೂ ಗೊತ್ತು. ತೊಗರಿ ರಾಶಿಯಾದ ಮೇಲೆ ಒಂದೆರಡು ಚೀಲ ಕಾರಿನಲ್ಲೇ ಗಂಜ್‌ಗೆ ಒಯ್ಯುವವರು ಎಷ್ಟೋ ಜನ. ಒಯ್ಯಿರಿ. ಆದರೆ ಚೀಲವನ್ನು ಅಡ್ಡ ಮಲಗಿಸಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ, ಹಗ್ಗ ಬಿಗಿಯಿರಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಏನಕ್ಕಾದರೂ ಗುದ್ದಿ ನಿಂತರೆ ಒಳಗಿನ ಚೀಲ ನಿಲ್ಲುವುದಿಲ್ಲ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದಷ್ಟು ಜೋರಿನಲ್ಲಿ ಮುಂದಕ್ಕೆ ನುಗ್ಗುತ್ತದೆ. ಹಿಂದಿನ ಸೀಟಿನಲ್ಲಿ ನಿಮ್ಮ ಮಕ್ಕಳು ಕೂತಿರುತ್ತಾರೆ.

ಇನ್ನು ಜಾರುವ ವಿಷಯ. ಅದಕ್ಕೆ ಮದ್ದು ಇರುವುದು ಟೈರಿನಲ್ಲಿ. ಗಾಳಿಯ ಉಷ್ಣತೆ 5–6 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನ 30 ಡಿಗ್ರಿ ಇದ್ದಾಗ ಗಾಳಿ ತುಂಬಿಸಿದ್ದು, ನಸುಕಿನ 12 ಡಿಗ್ರಿಗೆ 3 ಪಿಎಸ್‌ಐ ಕಡಿಮೆಯಾಗಿರುತ್ತದೆ. ಹಾಗಾಗಿ ಬೆಳಗ್ಗೆ, ಗಾಡಿ ಓಡುವ ಮುಂಚೆ ನೋಡಿಸಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿದೆ. ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಟೈರ್ ಬದಲಿಸಿ. ಹೊಲದ ದಾರಿಯದು ಬೇರೆ ಕತೆ. ಒದ್ದೆ ಎರೆಮಣ್ಣು ಗೆರೆಗಳಲ್ಲಿ ತುಂಬಿಕೊಂಡರೆ ಹೊಸ ಟೈರೂ ಜಾರುತ್ತದೆ, ಭಾರ ಹಾಕಿದಷ್ಟೂ ಹೂಳುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವಾಗ, ದಾರಿ ಒದ್ದೆಯಿದ್ದರೆ ಕಾರನ್ನು ಡಾಂಬರಿನ ಪಕ್ಕದಲ್ಲೇ ನಿಲ್ಲಿಸಿ. ಬುತ್ತಿ ಹೊತ್ತು ನಡೆಯಿರಿ.

ಪ್ರಶ್ನೆ: ಶಹಾಪುರದ ಹತ್ತಿರ ನಮ್ಮ ಊರು, ಕಾಲುವೆ ನೀರಿನ ಭತ್ತದ ಸೀಮೆ. ನನ್ನ ಬೊಲೆರೊ ಪಿಕಪ್ ಖಾಲಿ ಇದ್ದಾಗ ಕೆಸರಿನಲ್ಲಿ ಹಿಂದಿನ ಗಾಲಿ ಸುಮ್ನೆ ತಿರುಗುತ್ತದೆ. ಏನು ಮಾಡಲಿ?

ಉತ್ತರ: ನಿಮಗೆ ಆ ಮರಳು ಚೀಲ ಉಪಯೋಗಕ್ಕೆ ಬರುತ್ತದೆ! ನಿಮ್ಮದು ಹಿಂದಿನ ಗಾಲಿ ತಳ್ಳುವ ಗಾಡಿ. ಭಾಲ್ಕಿಯವರು ಇಳಿಸುವ ಆ 2 ಚೀಲದಷ್ಟೇ ಸಾಕು. ತೊಟ್ಟಿಯ ತುದಿಯಲ್ಲಿ ಬೇಡ, ಹಿಂದಿನ ಅಚ್ಚಿನ ನೇರಕ್ಕೆ ಇಟ್ಟು ಎರಡೂ ಕಡೆಯಿಂದ ಬಿಗಿಯಿರಿ. ಸರಕು ತುಂಬುವ ದಿನ ಮಾತ್ರ ಮೊದಲು ಇವನ್ನು ಇಳಿಸಿ, ಆಮೇಲೆ ಹೇರಿ.