ರೇಡಿಯೇಟರ್ ಮನೆಗೆ ಯಾರನ್ನು ಕರೆಯಬೇಕು

ತಂಗಿ,

ನೀನು ಬರೆದದ್ದನ್ನೆಲ್ಲ ಓದಿದೆ. ಮಿಷಿಗನ್ನಿನ ರಾಯಲ್ ಓಕ್‌ನಲ್ಲಿ 1927ರ ಇಟ್ಟಿಗೆ ಮನೆ ಕೊಂಡಿದ್ದೀರಿ. ಮನೆ ಬೆಚ್ಚಗಿಡಲು ಕೋಣೆಗೊಂದು ಎರಕದ ಕಬ್ಬಿಣದ ರೇಡಿಯೇಟರ್, ಅದಕ್ಕೆ ಬಿಸಿ ಒದಗಿಸಲು ಬೇಸ್‌ಮೆಂಟ್‌ನಲ್ಲಿ ಹಳೆ ಬಾಯ್ಲರ್, ಎಸಿ ಇಲ್ಲ. ಮಾರ್ಚ್‌ನಲ್ಲಿ ಒಳಗೆ ಬಂದಾಗ ಮೇಲಿನ ಹಿಂದಿನ ಕೋಣೆ ಬೆಚ್ಚಗಾಗಲೇ ಇಲ್ಲ. ಈಗ ಜುಲೈನಲ್ಲಿ ಅದೇ ಕೋಣೆಯಲ್ಲಿ ಶೆಕೆಗೆ ಮಲಗಲು ಆಗುತ್ತಿಲ್ಲ. ಯಾರೋ ಬಂದು ನೋಡಿ, ಇದನ್ನೆಲ್ಲ ಕಿತ್ತು ಹಾಕಿ ಫರ್ನೇಸ್, ಗಾಳಿ ಹೋಗುವ ಡಕ್ಟ್, ಎಸಿ ಎಲ್ಲ ಹೊಸದು ಮಾಡೋಣ, 28 ಸಾವಿರ ಡಾಲರ್ ಅಂದಿದ್ದಾನೆ. "ಅಕ್ಕಾರ, ನಮ್ಮವರು ಯಾರಾದರೂ ಈ ಕೆಲಸ ಮಾಡುವವರು ಇದ್ದಾರಾ? ಇಲ್ಲಾಂದ್ರೆ ಒಳ್ಳೆಯವರನ್ನ ಹುಡುಕೋದು ಹೆಂಗೆ?" ಅಂತ ಕೇಳಿದ್ದೀಯ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಇಲ್ಲ. ಡೆಟ್ರಾಯಿಟ್ ಸುತ್ತ ಕಾರು ಡಿಸೈನ್ ಮಾಡುವ ನಮ್ಮ ಮಂದಿ ಬೇಕಾದಷ್ಟು ಸಿಗುತ್ತಾರೆ. ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಬಂದವರೇ ಎಷ್ಟೋ ಜನ. ಬೇಸ್‌ಮೆಂಟ್‌ಗೆ ಇಳಿದು ಬಾಯ್ಲರ್ ಬಿಚ್ಚುವವರು ಮಾತ್ರ ಇಷ್ಟು ವರ್ಷದಲ್ಲಿ ನನಗೆ ಒಬ್ಬರೂ ಸಿಕ್ಕಿಲ್ಲ.

ಎರಡನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ನಾನೀಗ ರಜೆಗೆ ಧಾರವಾಡಕ್ಕೆ ಬಂದಿದ್ದೇನೆ, ಮಾಳಮಡ್ಡಿಯ ಅಣ್ಣನ ಮನೆಯಲ್ಲಿ ಕೂತಿದ್ದೇನೆ. ಹೊರಗೆ ಜಿಟಿಜಿಟಿ ಮಳೆ, ಎಲ್ಲಿಗೂ ಹೋಗುವ ಹಾಗಿಲ್ಲ. ಸಮಯ ಇದೆ.

ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಬೇಕು ಅಂದುಕೊಂಡಿದ್ದೀಯಲ್ಲ, ಈ ವಿಷಯಕ್ಕೆ ಅದು ಉಪಯೋಗವಿಲ್ಲ. ನಮ್ಮವರು ಜಾಸ್ತಿ ಇರುವುದು ನೋವೈ, ಕ್ಯಾಂಟನ್ ಕಡೆ, ಹೊಸ ಬಡಾವಣೆಗಳಲ್ಲಿ. ಅವರ ಮನೆಗಳಲ್ಲಿ ಫರ್ನೇಸ್ ಗಾಳಿಯನ್ನು ಬಿಸಿ ಮಾಡಿ ಡಕ್ಟ್‌ನಲ್ಲಿ ತಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಡಕ್ಟ್‌ನಲ್ಲಿ ಎಸಿ ಗಾಳಿ ಬರುತ್ತದೆ. ಅವರು ಹೇಳುವ ಮನುಷ್ಯ ಆ ಕೆಲಸದಲ್ಲಿ ಒಳ್ಳೆಯವನೇ ಇರಬಹುದು. ಆದರೆ ನಿನ್ನ ಮನೆಯಲ್ಲಿ ಪೈಪಿನಲ್ಲಿ ಓಡುವುದು ನೀರು ಅಥವಾ ಹಬೆ. ಅದು ಬೇರೆಯೇ ವಿದ್ಯೆ. ಗೊತ್ತಿಲ್ಲದವನು ಬಂದರೆ ತನಗೆ ಗೊತ್ತಿದ್ದನ್ನೇ ಹಾಕಲು ನೋಡುತ್ತಾನೆ. ನಿನಗೆ 28 ಸಾವಿರ ಹೇಳಿದವನು ಮೋಸಗಾರ ಅಂತ ನಾನು ಹೇಳುತ್ತಿಲ್ಲ. ಅವನಿಗೆ ಬಾಯ್ಲರ್ ಬಾರದು, ಅಷ್ಟೇ ಇರಬಹುದು.

ಹಾಗಾಗಿ ನಿನ್ನ ಬೀದಿಯಲ್ಲಿ ಕೇಳು. ಒಂದೇ ಕಾಲದಲ್ಲಿ ಕಟ್ಟಿದ ಮನೆಗಳು ಸಾಲಾಗಿ ಇರುತ್ತವೆ, ಒಳಗಿನ ವ್ಯವಸ್ಥೆಯೂ ಹೆಚ್ಚುಕಡಿಮೆ ಒಂದೇ. ಎದುರು ಮನೆಯ ವಯಸ್ಸಾದ ದಂಪತಿ ಮೂವತ್ತು ವರ್ಷದಿಂದ ಅಲ್ಲೇ ಇದ್ದರೆ, ಅವರ ಬಾಯ್ಲರ್‌ಗೆ ಯಾರು ಬರುತ್ತಾರೆ ಅನ್ನುವುದು ಇಂಟರ್ನೆಟ್‌ನ ಐನೂರು ರಿವ್ಯೂಗಿಂತ ದೊಡ್ಡ ಮಾತು. ಹೊಸದಾಗಿ ಹೋದವರಿಗೆ ಬಾಗಿಲು ತಟ್ಟಲು ಸಂಕೋಚ, ನನಗೆ ಗೊತ್ತು. ಸಂಜೆ ಅವರು ಹೊರಗೆ ಹುಲ್ಲಿಗೆ ನೀರು ಹಾಕುವಾಗ ಮಾತಾಡಿಸು. ಹಳೆ ಮನೆಯ ಬಗ್ಗೆ ಕೇಳಿದರೆ ಅಲ್ಲಿನ ಜನ ಅರ್ಧ ಗಂಟೆ ಬಿಡುವುದಿಲ್ಲ.

ಮೊನ್ನೆ ಇಲ್ಲಿ ಅಣ್ಣನ ಮನೆಯ ನೀರಿನ ಮೋಟರ್ ಸುಟ್ಟಿತು. ಅವನು ಯಾವ ಜಾಹೀರಾತೂ ನೋಡಲಿಲ್ಲ. ಮೋಟರ್ ವೈಂಡಿಂಗ್ ಅಂಗಡಿಗೆ ಹೋಗಿ, "ಹಳೇ ಬಾವಿಯೊಳಗಿಂದ ಎತ್ತಬೇಕು, ಯಾರನ್ನ ಕಳಿಸ್ತೀರಿ?" ಅಂದ. ಅಂಗಡಿಯವನು ಒಂದೇ ಹೆಸರು ಹೇಳಿದ. ಅಲ್ಲಿಯೂ ಅಂಥ ಅಂಗಡಿ ಇದೆ. ಪ್ಲಂಬಿಂಗ್ ಮತ್ತು ಹೀಟಿಂಗ್ ಸಾಮಾನು ಸಗಟಾಗಿ ಮಾರುವ ಸಪ್ಲೈ ಹೌಸ್. ಅವರು ನಿನಗೆ ಸಾಮಾನು ಮಾರದೇ ಇರಬಹುದು. ಆದರೆ ರೇಡಿಯೇಟರ್ ವಾಲ್ವ್, ಬಾಯ್ಲರ್ ಪಂಪು ಯಾರು ತಪ್ಪದೆ ಒಯ್ಯುತ್ತಾರೆ ಅಂತ ಕೌಂಟರಿನವನಿಗೆ ಗೊತ್ತಿರುತ್ತದೆ. ಕೇಳಿದರೆ ಹೇಳುತ್ತಾನೆ.

ಅದಕ್ಕಿಂತ ಹತ್ತಿರದ ದಾರಿ ನಿನ್ನ ಬೇಸ್‌ಮೆಂಟ್‌ನಲ್ಲೇ ಇದೆ. ಟಾರ್ಚ್ ಹಿಡಿದು ಬಾಯ್ಲರ್‌ನ ಸುತ್ತ ನೋಡು. ತಗಡಿನ ಬದಿಗೆ ಸ್ಟಿಕರ್ ಅಂಟಿಸಿರುತ್ತಾರೆ, ಇಲ್ಲವೇ ಪೈಪಿಗೆ ಒಂದು ರಟ್ಟಿನ ಚೀಟಿ ಕಟ್ಟಿರುತ್ತಾರೆ. ರಿಪೇರಿಗೆ ಬಂದವರು ತಾರೀಖು, ಮಾಡಿದ ಕೆಲಸ, ಫೋನ್ ನಂಬರ್ ಬರೆದು ಹೋಗಿರುತ್ತಾರೆ. ನಮ್ಮ ಫರ್ನ್‌ಡೇಲ್ ಮನೆಯ ಚೀಟಿಯಲ್ಲಿ ಮೂರು ಬಗೆಯ ಅಕ್ಷರ ಇದ್ದವು. ಮೇಲಿನವು ಪೆನ್ಸಿಲ್ಲಿನವು, ಅರ್ಧ ಮಾಸಿದ್ದವು. ಕೆಳಗಿನದು ನೀಲಿ ಪೆನ್ನು: ಪಂಪು ಬದಲಿಸಿದೆ, ತಾರೀಖು, ಒಂದು ಸಹಿ. ಆ ನೀಲಿ ಪೆನ್ನಿನವನಿಗೇ ಫೋನ್ ಮಾಡಿದೆವು. ಮನೆ ನಂಬರ್ ಹೇಳುತ್ತಲೇ, "ಮೆಟ್ಟಿಲ ಕೆಳಗೆ ತಲೆ ಬಡಿಯುವ ಮನೆ ಅಲ್ವಾ?" ಅಂದ. ಈಗಲೂ ಅವನೇ ಬರುತ್ತಾನೆ.

ಇನ್ನು ನಿನ್ನ ಥಂಡಿ ಕೋಣೆ. ಯಾರನ್ನೂ ಕರೆಯುವ ಮೊದಲು ನಿನ್ನದು ನೀರಿನದೋ ಹಬೆಯದೋ ನೋಡಿಕೋ. ರೇಡಿಯೇಟರ್‌ಗೆ ಒಂದೇ ಪೈಪು ಬಂದು, ಬದಿಯಲ್ಲಿ ಬೆರಳಿನಷ್ಟು ಗಾತ್ರದ ಬೆಳ್ಳಿ ಬಣ್ಣದ ಏರ್ ವೆಂಟ್ ಇದ್ದರೆ, ಬಾಯ್ಲರ್‌ನ ಮೇಲೆ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆ ಇದ್ದರೆ, ಅದು ಹಬೆ. ಎರಡು ಪೈಪು ಇದ್ದು, ಮೇಲಿನ ತುದಿಯಲ್ಲಿ ಕೀಲಿ ಹಾಕಿ ತಿರುಗಿಸುವ ಚಿಕ್ಕ ವಾಲ್ವ್ ಇದ್ದರೆ ಬಹುತೇಕ ಬಿಸಿನೀರು. ಬಿಸಿನೀರಿನದಾಗಿದ್ದರೆ ಮೇಲಿನ ಕೋಣೆ ಬೆಚ್ಚಗಾಗದಿರಲು ತೀರ ಸಾಮಾನ್ಯ ಕಾರಣ ಒಳಗೆ ಸೇರಿಕೊಂಡ ಗಾಳಿ. ರೇಡಿಯೇಟರ್‌ನ ಕೆಳಭಾಗ ಬಿಸಿ, ಮೇಲ್ಭಾಗ ತಣ್ಣಗೆ ಇದ್ದರೆ ಅದೇ.

ಅದನ್ನು ನೀನೇ ತೆಗೆಯಬಹುದು. ಬಾಯ್ಲರ್ ಆರಿಸಿ ನೀರು ತಣ್ಣಗಾಗಲು ಬಿಡು. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮೂರು ಡಾಲರ್‌ಗೆ ರೇಡಿಯೇಟರ್ ಕೀಲಿ ಸಿಗುತ್ತದೆ. ಕೆಳಗಿನ ಮಹಡಿಯಿಂದ ಶುರು ಮಾಡಿ ಮೇಲಕ್ಕೆ ಹೋಗು. ವಾಲ್ವ್ ಕೆಳಗೆ ಒಂದು ಲೋಟ ಹಿಡಿದು ಕೀಲಿಯನ್ನು ಕಾಲು ಸುತ್ತು ತಿರುಗಿಸು. ಕುಕ್ಕರ್ ಸೀಟಿಗೆ ಮೊದಲು ಮಾಡುವ ಹಾಗೆ ಸುಯ್ ಅನ್ನುತ್ತದೆ. ಆಮೇಲೆ ಉಗುಳಿ ಉಗುಳಿ ಕಪ್ಪು ನೀರು ಬರುತ್ತದೆ. ಧಾರೆ ಒಂದೇ ಸಮ ಆದ ಕೂಡಲೇ ಮುಚ್ಚು. ಎಲ್ಲ ಮುಗಿದ ಮೇಲೆ ಬಾಯ್ಲರ್‌ನ ಒತ್ತಡದ ಮುಳ್ಳು ನೋಡು. ಎರಡು ಅಂತಸ್ತಿನ ಮನೆಗೆ ತಣ್ಣಗಿದ್ದಾಗ 12 ಪಿಎಸ್‌ಐ ಸುತ್ತ ಇರಬೇಕು. ತೀರ ಕಡಿಮೆ ಇದ್ದರೆ ನೀರು ಮೇಲಿನವರೆಗೆ ಏರುವುದೇ ಇಲ್ಲ, ಆಗ ಮೆಕ್ಯಾನಿಕ್ ಬೇಕು. ಹಬೆಯದಾಗಿದ್ದರೆ ಇದ್ಯಾವುದನ್ನೂ ಮಾಡಬೇಡ.

ಬೇಸ್‌ಮೆಂಟ್ ಮೆಟ್ಟಿಲ ಮೇಲ್ಭಾಗದಲ್ಲಿ ಕೆಂಪು ಪಟ್ಟಿಯ ಸ್ವಿಚ್ ಇದ್ದರೆ ಅದು ಬಾಯ್ಲರ್‌ನದು. ಲೈಟು ಅಂದುಕೊಂಡು ಊರಿಂದ ಬಂದ ಅತ್ತೆ ಮಾವ ಆರಿಸಿಬಿಡುತ್ತಾರೆ. ಆ ಸ್ವಿಚ್ ಮತ್ತೆ ಹಾಕಿ 150 ಡಾಲರ್ ಬಿಲ್ ಕೊಟ್ಟು ಹೋದ ಮೆಕ್ಯಾನಿಕ್‌ಗಳ ಕತೆ ಅಲ್ಲಿ ಎಲ್ಲರ ಹತ್ತಿರ ಒಂದೊಂದು ಇದೆ.

ಮೆಕ್ಯಾನಿಕ್ ಬಂದಾಗ ಅವನ ಮಾತಿಗಿಂತ ಅವನು ಏನು ಕೇಳುತ್ತಾನೆ ಅನ್ನುವುದನ್ನು ಗಮನಿಸು. ಬಾಯ್ಲರ್ ಬದಲಿಸಬೇಕು ಅನ್ನುವವನು ಮೊದಲು ಮನೆ ಅಳೆಯಬೇಕು. ಬಿಸಿನೀರಿನ ವ್ಯವಸ್ಥೆಗೆ ಮನೆಯಿಂದ ಎಷ್ಟು ಶಾಖ ಹೊರಹೋಗುತ್ತದೆ ಅನ್ನುವ ಲೆಕ್ಕ ಬೇಕು, ಅದಕ್ಕೆ ಅಲ್ಲಿ ಮ್ಯಾನುಯಲ್ ಜೆ ಅನ್ನುತ್ತಾರೆ. ಹಬೆಯದಕ್ಕೆ ಪ್ರತಿ ರೇಡಿಯೇಟರ್ ಅಳೆದು ಕೂಡಿಸಬೇಕು, ಬಾಯ್ಲರ್ ಅದಕ್ಕೆ ಸರಿಹೊಂದಬೇಕು. ಹಳೆ ಬಾಯ್ಲರ್‌ನ ಮೇಲಿನ ನಂಬರ್ ನೋಡಿ "ಇಷ್ಟೇ ದೊಡ್ಡದು ಹಾಕೋಣ" ಅನ್ನುವವನನ್ನು ಚಹಾ ಕೊಟ್ಟು ಕಳಿಸು. ನಡುವೆ ಕಿಟಕಿ ಬದಲಾಗಿರುತ್ತವೆ, ಅಟ್ಟಕ್ಕೆ ಶಾಖ ತಡೆಯುವ ಇನ್ಸುಲೇಷನ್ ಬಿದ್ದಿರುತ್ತದೆ, ಅಷ್ಟು ದೊಡ್ಡದು ಬೇಕಿರುವುದೇ ಇಲ್ಲ.

ಚಿಮಣಿ ಬಗ್ಗೆಯೂ ಅವನೇ ಕೇಳಬೇಕು. ಹಳೆ ಮನೆಗಳಲ್ಲಿ ಬಾಯ್ಲರ್ ಮತ್ತು ಗ್ಯಾಸಿನ ವಾಟರ್ ಹೀಟರ್ ಎರಡರ ಹೊಗೆಯೂ ಒಂದೇ ಚಿಮಣಿಯಲ್ಲಿ ಹೋಗುತ್ತದೆ. ಹೊಸ ಬಗೆಯ ಬಾಯ್ಲರ್‌ನ ಹೊಗೆ ಪ್ಲಾಸ್ಟಿಕ್ ಪೈಪಿನಲ್ಲಿ ಗೋಡೆಯಿಂದ ಹೊರಹೋಗುತ್ತದೆ. ಆಗ ಅಷ್ಟು ಅಗಲದ ಚಿಮಣಿಗೆ ವಾಟರ್ ಹೀಟರ್ ಒಂದೇ ಉಳಿಯುತ್ತದೆ. ಅದರ ಸಣ್ಣ ಹೊಗೆ ಮೇಲೇರದೆ ಮನೆಯೊಳಗೇ ತಿರುಗಿ ಬರಬಹುದು, ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಸಮೇತ. ಚಿಮಣಿಯೊಳಗೆ ಕಿರಿದಾದ ಲೋಹದ ಕೊಳವೆ ಇಳಿಸಬೇಕಾಗುತ್ತದೆ. ಇದನ್ನು ತಾನಾಗಿಯೇ ಹೇಳುವವನು ಸಿಕ್ಕರೆ ನೀನು ಅರ್ಧ ಗೆದ್ದಂತೆ. ಹೇಗಿದ್ದರೂ ಪ್ರತಿ ಮಹಡಿಯಲ್ಲಿ, ಮಲಗುವ ಕೋಣೆಗಳ ಹತ್ತಿರ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇವತ್ತೇ ಹಾಕು.

ಬೇಸ್‌ಮೆಂಟ್ ಪೈಪುಗಳಿಗೆ ಬಿಳಿ ಗಾರೆ ಹಚ್ಚಿದಂಥ ಅಥವಾ ರಟ್ಟು ಸುತ್ತಿದಂಥ ದಪ್ಪ ಹೊದಿಕೆ ಇದೆಯಾ? ಆ ಕಾಲದ ಮನೆಯಲ್ಲಿ ಅದು ಆಸ್ಬೆಸ್ಟಾಸ್ ಇರುವ ಸಾಧ್ಯತೆ ಜಾಸ್ತಿ. ಸುಮ್ನೆ ಇದ್ದರೆ ತೊಂದರೆ ಇಲ್ಲ, ಕೆದಕಿದರೆ ಶ್ವಾಸಕೋಶಕ್ಕೆ ಅಪಾಯದ ಪುಡಿ ಗಾಳಿಗೆ ಸೇರುತ್ತದೆ. ಯಾರಾದರೂ ಕತ್ತರಿಸಲು ಹೊರಟರೆ ತಡೆ. ಅದನ್ನು ತೆಗೆಯಲು ಬೇರೆ ಲೈಸೆನ್ಸಿನವರು ಇದ್ದಾರೆ. 1978ಕ್ಕಿಂತ ಹಿಂದಿನ ಮನೆಯಾದ್ದರಿಂದ ಗೋಡೆಯ ಬಣ್ಣದಲ್ಲಿ ಸೀಸವೂ ಇರಬಹುದು. ಗೋಡೆ ಒಡೆಯುವವರಿಗೆ ಅದರ ತರಬೇತಿ ಸರ್ಟಿಫಿಕೇಟ್ ಇರಲೇಬೇಕು. ಡಕ್ಟ್ ಹಾಕುತ್ತೇನೆ ಅಂದವನು ನಿನ್ನ ಮನೆಯ ಗೋಡೆ, ಚಾವಣಿ, ಎರಡು ಮೂರು ಕಪಾಟು ಒಡೆಯಲೇಬೇಕು. ಅದರ ಖರ್ಚು ಆ 28 ಸಾವಿರದಲ್ಲಿ ಸೇರಿದೆಯಾ ಕೇಳಿ ನೋಡು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಮಿಷಿಗನ್‌ನಲ್ಲಿ ಈ ಕೆಲಸಕ್ಕೆ ರಾಜ್ಯದ ಮೆಕ್ಯಾನಿಕಲ್ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಬೇಕು. ಲಾರಾ ಅನ್ನುವ ಇಲಾಖೆಯ ತಾಣದಲ್ಲಿ ಹೆಸರು ಹಾಕಿ ನೋಡಬಹುದು. ಎಲ್ಲ ರಾಜ್ಯದಲ್ಲೂ ಹೀಗಿಲ್ಲ, ಪೆನ್ಸಿಲ್ವೇನಿಯಾದಲ್ಲಿ ರಾಜ್ಯಮಟ್ಟದ ಲೈಸೆನ್ಸೇ ಇಲ್ಲ. ಬಾಯ್ಲರ್ ಬದಲಿಸಲು ಊರಿನ ಕಚೇರಿಯಿಂದ ಪರ್ಮಿಟ್ ತೆಗೆಯಬೇಕು, ಆಮೇಲೆ ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ. "ಪರ್ಮಿಟ್ ನಿಮ್ಮ ಹೆಸರಲ್ಲೇ ತೆಗೆದುಬಿಡಿ, ಅಗ್ಗ ಆಗುತ್ತೆ" ಅನ್ನುವವನು ಬೇಡ. ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಆಸೆ ತೋರಿಸುವವರೂ ಇನ್ನೂ ಇದ್ದಾರೆ. ಹೀಟ್ ಪಂಪ್‌ಗೆ (ಚಳಿಗಾಲದಲ್ಲಿ ಬಿಸಿಯನ್ನೂ ಕೊಡುವ ಎಸಿ) 2,000 ಡಾಲರ್‌ವರೆಗೆ ಸಿಗುತ್ತಿದ್ದ ಫೆಡರಲ್ ರಿಯಾಯಿತಿ 2025ರ ಡಿಸೆಂಬರ್ 31ಕ್ಕೇ ಮುಗಿದಿದೆ.

ಶೆಕೆಗೆ ಏನು ಮಾಡುವುದು? ನನ್ನ ಅಭಿಪ್ರಾಯ, ಈ ವರ್ಷ ಆ ಒಂದು ಕೋಣೆಗೆ ಕಿಟಕಿ ಎಸಿ ಸಾಕು. ಚಿಕ್ಕ ಕೋಣೆಗೆ 5,000 ಅಥವಾ 6,000 ಬಿಟಿಯು, ಅಂದರೆ ಹೆಚ್ಚುಕಡಿಮೆ ಇಲ್ಲಿ ನಾವು ಅರ್ಧ ಟನ್ ಅನ್ನುವುದು. ಒಂದು ಟನ್ ಅಂದರೆ 12,000 ಬಿಟಿಯು. ಮೇಲೆ ಕೆಳಗೆ ಸರಿಯುವ ಕಿಟಕಿಗೆ ಅದು ಸರಿಯಾಗಿ ಕೂರುತ್ತದೆ. ಆಮೇಲೆ ಅಟ್ಟದ ಬಿರುಕು ಮುಚ್ಚಿಸಿ ಇನ್ಸುಲೇಷನ್ ಹಾಕಿಸು. ಅದೇ ಕೋಣೆ ಚಳಿಗಾಲದಲ್ಲಿ ಥಂಡಿ, ಬೇಸಿಗೆಯಲ್ಲಿ ಬೆಂಕಿ ಅಂದರೆ ರೇಡಿಯೇಟರ್‌ನೊಳಗಿನ ಗಾಳಿಯ ಜೊತೆ ಅಟ್ಟದ ಮೇಲೂ ನನಗೆ ಅನುಮಾನ. ಇನ್ಸುಲೇಷನ್ ತುಂಬುವ ಮೊದಲು ಎಲೆಕ್ಟ್ರಿಷಿಯನ್ ಒಮ್ಮೆ ಅಟ್ಟ ನೋಡಲಿ. ಪಿಂಗಾಣಿ ಗುಂಡಿಗಳ ಮೇಲೆ ಎಳೆದ ಹಳೆ ವೈರು ಅಲ್ಲಿ ಇದ್ದರೆ, ಅದರ ಮೇಲೆ ಇನ್ಸುಲೇಷನ್ ಮುಚ್ಚಬಾರದು, ವೈರು ಬಿಸಿಯಾಗುತ್ತದೆ. ಮುಂದೆ ರೊಕ್ಕ ಕೂಡಿದಾಗ ಡಕ್ಟ್ ಬೇಡದ ಮಿನಿ ಸ್ಪ್ಲಿಟ್ ಹಾಕಿಸಿಕೋ, ನಮ್ಮ ಹುಬ್ಬಳ್ಳಿಯ ಮನೆಗಳಲ್ಲಿ ಗೋಡೆ ಮೇಲೆ ಇರುವಂಥದ್ದೇ. ರೇಡಿಯೇಟರ್ ಮಾತ್ರ ಕೀಳಬೇಡ. ಅದರ ಬಿಸಿಗೆ ಸದ್ದಿಲ್ಲ, ಧೂಳು ಏಳುವುದಿಲ್ಲ, ಮೂಗು ಒಣಗುವುದೂ ಕಡಿಮೆ.

ಬಾಯ್ಲರ್ ಸರ್ವಿಸ್‌ಗೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ದಿನ ಗೊತ್ತು ಮಾಡಿಕೋ. ಅಕ್ಟೋಬರ್‌ನಲ್ಲಿ ಮೊದಲ ಥಂಡಿ ಬಿದ್ದ ದಿನ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ, ಒಳ್ಳೆಯವನು ಸಿಗುವುದಿಲ್ಲ, ಬಿಡುವಾಗಿರುವವನು ಸಿಗುತ್ತಾನೆ. ಡಿಸೆಂಬರ್‌ನಲ್ಲಿ ನೀವು ಊರಿಗೆ ಬರುವುದಾದರೆ ಥರ್ಮೋಸ್ಟಾಟ್ ಪೂರ್ತಿ ಆರಿಸಬೇಡಿ. 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ, ಅಂದರೆ ನಮ್ಮ 13 ಡಿಗ್ರಿ. ಪೈಪು ಹೆಪ್ಪುಗಟ್ಟಿ ಒಡೆದರೆ ರೇಡಿಯೇಟರ್ ಮನೆಯಲ್ಲಿ ಒಂದು ಕಡೆ ಅಲ್ಲ, ಎಲ್ಲ ಕೋಣೆಯಲ್ಲೂ ನೀರು. ಪಕ್ಕದ ಮನೆಯವರಿಗೆ ಒಂದು ಕೀಲಿ ಕೊಟ್ಟು ಬಾ, ಎರಡು ದಿನಕ್ಕೊಮ್ಮೆ ಇಣುಕಿ ನೋಡಲಿ.

ಸದ್ಯಕ್ಕೆ ಸಹಿ ಏನೂ ಹಾಕಬೇಡ. ಬಾಯ್ಲರ್‌ನ ಮಾಡೆಲ್ ನಂಬರ್ ಇರುವ ಫಲಕ, ಸರ್ವಿಸ್ ಚೀಟಿ, ಒಂದು ರೇಡಿಯೇಟರ್‌ನ ಎರಡೂ ತುದಿ, ಇಷ್ಟರ ಫೋಟೋ ಕಳಿಸು. ನೋಡಿ ಹೇಳುತ್ತೇನೆ. ಚೀಟಿಯ ನಂಬರ್ ಈಗ ಇಲ್ಲವಾಗಿದ್ದರೆ ನಮ್ಮ ಆ ನೀಲಿ ಪೆನ್ನಿನವನ ನಂಬರ್ ಕೊಡುತ್ತೇನೆ, ರಾಯಲ್ ಓಕ್ ಅವನಿಗೆ ದೂರವಲ್ಲ. ನಾನು ಆಗಸ್ಟ್ ಮೂರನೇ ವಾರ ಹೊರಡುತ್ತೇನೆ. ಕೇಶ್ವಾಪುರದಿಂದ ನಿಮ್ಮ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸುವುದಿದ್ದರೆ ಅಷ್ಟರೊಳಗೆ ಮಾಳಮಡ್ಡಿಗೆ ಮುಟ್ಟಿಸಲಿ. ಎರಡು ಕಿಲೋ ಜಾಗ ಇಟ್ಟಿದ್ದೇನೆ.