ರೂಮ್‌ಮೇಟ್ ಗೇ ಅಂತ ಗಾಬರಿ ಆಗಿರೋ ಗೋಣಿಕೊಪ್ಪದ ತಮ್ಮನಿಗೆ

ಮೆಲ್ಬರ್ನ್‌ಗೆ ಮಾಸ್ಟರ್ಸ್ ಮಾಡೋಕೆ ಬರ್ತಿದೀನಿ, ಸಿಕ್ಕಿರೋ ಮನೇಲಿ ಒಬ್ಬ ಗೇ ಇದಾನಂತೆ, ಬೇರೆ ಮನೆ ನೋಡ್ಲಾ ಅಣ್ಣಾ, ಅಲ್ಲಿಗೆ ಬಂದವ್ರೆಲ್ಲ ಇದನ್ನೆಲ್ಲ ಒಪ್ಕೊಂಡ್ಬಿಡ್ತಾರಾ ಅಂತ ಕೇಳಿದೀಯ. ಮನೆ ಬಿಡ್ಬೇಡ ಮಾರಾಯ, ಸ್ಟೇಷನ್ ಹತ್ರ ಆ ಬಾಡಿಗೆಗೆ ಇನ್ನೊಂದು ಸಿಗಲ್ಲ.

2016ರಲ್ಲಿ ಸೋಮವಾರಪೇಟೆಯಿಂದ ಬಂದಾಗ ನಂದೂ ಇದೇ ಕಥೆ, ಒಂದು ವಾರ ಸ್ನಾನಕ್ಕೆ ಹೋಗುವಾಗ್ಲೂ ರೂಮಿಗೆ ಬೀಗ ಹಾಕ್ತಿದ್ದೆ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಆ ಗೇ ರೂಮ್‌ಮೇಟ್‌ಗೆ ನನ್ನ ಮೇಲಿದ್ದ ತಕರಾರು ಒಂದೇ, ನಾನು ಪಂದಿಕರಿಗೆ ಮಸಾಲೆ ಹುರಿದಾಗೆಲ್ಲ ಸ್ಮೋಕ್ ಅಲಾರಂ ಹೊಡ್ಕೊಳ್ತಿತ್ತು.

2017ರಲ್ಲಿ ಗಂಡು ಗಂಡು, ಹೆಣ್ಣು ಹೆಣ್ಣು ಮದುವೆ ಆಗೋಕೆ ಕಾನೂನು ಬದಲಾಯಿಸ್ಬೇಕಾ ಅಂತ ಪೋಸ್ಟಲ್ಲಿ ಫಾರ್ಮ್ ಬಂತು, ಅದು ಓಟಿರೋವ್ರಿಗೆ ಮಾತ್ರ, ಸ್ಟೂಡೆಂಟ್ ವೀಸಾದವ್ರಿಗೆ ಇಲ್ಲ. ಅವ್ನು ಟಿಕ್ ಹಾಕಿ ಕವರ್ ಅಂಟಿಸಿ ಮೂರು ದಿನ ಫ್ರಿಜ್ ಮೇಲೇ ಇಟ್ಟಿದ್ದ, ಯಾಕೋ ಅಂದ್ರೆ, ನನ್ನ ಮದುವೆಗೆ ಇಡೀ ದೇಶದ ಪರ್ಮಿಷನ್ ಕೇಳ್ಬೇಕಲ್ಲ ಅಂದ. ನಮ್ಮೂರಲ್ಲಿ ಎಲ್ಲರ ಮದುವೆಗೂ ಊರನ್ನೇ ಕೇಳೋದು ಅಂತ ನಾನು ನಕ್ಕೆ, ಅವ್ನು ನಗ್ಲಿಲ್ಲ. ನವೆಂಬರಲ್ಲಿ ರಿಸಲ್ಟ್ ಬಂತು, 61.6 ಪರ್ಸೆಂಟ್ ಯೆಸ್, ಡಿಸೆಂಬರಲ್ಲೇ ಕಾನೂನು. ಆಗ ನಮ್ಮ ದೇಶದಲ್ಲಿ ಸಲಿಂಗ ಸಂಬಂಧವನ್ನ ಅಪರಾಧ ಅಂತಿದ್ದ ಸೆಕ್ಷನ್ 377 ಇನ್ನೂ ಇತ್ತು, ಸುಪ್ರೀಂ ಕೋರ್ಟ್ ಅಂಥ ಸಂಬಂಧ ಅಪರಾಧ ಅಲ್ಲ ಅಂದಿದ್ದು 2018 ಸೆಪ್ಟೆಂಬರಲ್ಲಿ, ಮದುವೆ ಹಕ್ಕು 2023ರಲ್ಲೂ ಸಿಗ್ಲಿಲ್ಲ.

ಆದ್ರೆ ಇಲ್ಲಿಗೆ ಬಂದ ಮಾತ್ರಕ್ಕೆ ಬದಲಾಗ್ತಾರೆ ಅನ್ನೋದು ಸುಳ್ಳು. ನಮ್ಮವ್ರೇ ಐದಾರು ಜನ ಒಂದೇ ಮನೇಲಿರೋ ಹುಡುಗ್ರು ಇವತ್ತಿಗೂ ಊರಿನ ಜೋಕನ್ನೇ ಹೊಡಿತಾರೆ, ಆಫೀಸಲ್ಲಿ ಮಾತ್ರ ಬಾಯಿ ಮುಚ್ಕೊಂಡಿರ್ತಾರೆ ಅಷ್ಟೇ. ನಂಗೆ ಓರಿಯೆಂಟೇಷನ್ ಕ್ಲಾಸಿಂದ ಏನೂ ಆಗ್ಲಿಲ್ಲ, ಆ ಅಡುಗೆಮನೆಯಿಂದ್ಲೇ ಆಗಿದ್ದು. ಅದೂ ಪೂರ್ತಿ ಏನಲ್ಲ.

ನಮ್ಮೂರ ಹತ್ರ ಒಂದು ತೋಟದಲ್ಲಿ ಲೆಕ್ಕ ಬರೆಯೋ ಒಬ್ಬ ರೈಟರ್ ಇದ್ರು, ಮದುವೆ ಆಗ್ಲಿಲ್ಲ, ಒಬ್ಬ ಸ್ನೇಹಿತನ ಜೊತೆ ಇಪ್ಪತ್ತು ವರ್ಷ ಒಂದೇ ಕ್ವಾರ್ಟರ್ಸು, ನಾವು ಹುಡುಗ್ರು ಅವ್ರ ನಡಿಗೆ ಅಣಕಿಸ್ತಿದ್ವಿ. ಅವ್ರಿಬ್ರೂ ಏನು ಅಂತ ನಂಗೊತ್ತಿಲ್ಲ, ಕೇಳೋ ಹಕ್ಕೂ ಇಲ್ಲ. ಹೋದ ಪುತ್ತರಿ ಹಬ್ಬಕ್ಕೆ ಊರಿಗೆ ಹೋದಾಗ ಮಾವ ಅದೇ ನಡಿಗೆ ಮಾಡಿ ತೋರಿಸಿದ್ರು, ಎಲ್ರೂ ನಕ್ರು, ನಾನೂ ನಕ್ಕೆ. ಮೆಲ್ಬರ್ನಲ್ಲಾಗಿದ್ರೆ ನಗ್ತಿರ್ಲಿಲ್ಲ.

ಪಂದಿಕರಿಗೆ ಹಾಕೋ ಹುಳಿ, ಕಾಚಂಪುಳಿ ತಂದ್ರೆ ಏರ್‌ಪೋರ್ಟಲ್ಲಿ ಡಿಕ್ಲೇರ್ ಮಾಡು. ಮಸಾಲೆ ಹುರಿಯುವಾಗ ಕಿಟಕಿ ತೆಗಿ.